ಹಲ್ಲು ಕಟ್ಟಿಸುವಾಗ ಡಾಕ್ಟರನ್ನು ಬದಲಾಯಿಸಬೇಕೆ?



ನಮ್ಮ ಕಡೆ ಮುದ್ದೆ ಊಟ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಅದಕ್ಕೇ ನಮ್ಮಲ್ಲಿ ಹಲ್ಲು ಹೋದದ್ದು ಬೇಗ ಗೊತ್ತಾಗುವುದಿಲ್ಲ. ಒಂದು ಹಲ್ಲು ಹೋಯಿತು. ಇನ್ನೊಂದು ಹೋಯಿತು. ಹೇಗೋ ನಡೆಯಿತು. ಅವರೆಕಾಯಿ ಕಾಲ ಬಂದಾಗ ಗೊತ್ತಾಗುತ್ತದೆ. ಕಾಳನ್ನು ತಟ್ಟೆಯ ಪಕ್ಕಕ್ಕೆ ತಳ್ಳಿ ಬರೀ ಸಾರು ಉಣ್ಣುತ್ತೇವೆ. ಕಡಲೆಕಾಯಿ, ಸೌತೆಕಾಯಿ, ಸೊಪ್ಪಿನ ಪಲ್ಯ, ಮಾಂಸ ಒಂದೊಂದಾಗಿ ಬಿಟ್ಟುಹೋಗುತ್ತವೆ. ಮೈಗೆ ಬಲ ಕೊಡುವ ಪದಾರ್ಥಗಳೇ ಅವು.

ಉತ್ತರ ಕರ್ನಾಟಕದ ಅಕ್ಕಂದಿರಿಗೆ ಈ ಸೌಕರ್ಯವೂ ಇಲ್ಲ. ಅಲ್ಲಿ ಖಡಕ್ ರೊಟ್ಟಿ. ಹಲ್ಲಿಲ್ಲದಿದ್ದರೆ ರೊಟ್ಟಿಯನ್ನು ನೆನೆಸಿ ತಿನ್ನಬೇಕು.

ಇಲ್ಲಿ ಒಂದು ಮಾತು ಹೇಳಬೇಕು. ಮನೆಯ ಗಂಡಸರಿಗೆ ಹಲ್ಲು ನೋವು ಬಂದರೆ ಮನೆಯೆಲ್ಲ ಎದ್ದು ಕೂರುತ್ತದೆ. ನಮಗೆ ಬಂದರೆ ಲವಂಗ ಕಚ್ಚಿಕೊಂಡು ರೊಟ್ಟಿ ತಟ್ಟುತ್ತೇವೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರು ನಾವು. ನಾವು ಏನು ತಿಂದೆವು, ಏನು ಬಿಟ್ಟೆವು ಎಂದು ನೋಡುವವರು ಯಾರು?

ಕೊನೆಗೂ ಧೈರ್ಯ ಮಾಡಿ ಹಲ್ಲು ಕಟ್ಟಿಸಲು ಹೊರಡುತ್ತೇವೆ. ಸಂಘದಲ್ಲಿ ಸಾಲ ತೆಗೆಯುತ್ತೇವೆ. ಪೇಟೆಯ ಡಾಕ್ಟರಿಗೆ ಮುಂಗಡ ಕೊಡುತ್ತೇವೆ. ಇದು ಒಂದು ದಿನದ ಕೆಲಸ ಅಲ್ಲ. ತಿಂಗಳುಗಟ್ಟಲೆ ತಿರುಗಬೇಕು. ಆ ನಡುವೆ ನೋವು ಬರುತ್ತದೆ. ಬೇಸರ ಬರುತ್ತದೆ. ಆಗ ಒಬ್ಬರು ಹೇಳುತ್ತಾರೆ, "ಆ ಡಾಕ್ಟ್ರು ಸರಿ ಇಲ್ಲ ಕಣಕ್ಕ, ಬೇರೆ ಕಡೆ ಹೋಗು." ಇನ್ನೊಬ್ಬರು ಹೇಳುತ್ತಾರೆ, "ದುಡ್ಡು ಕೊಟ್ಟಾಗಿದೆ, ಹೆಂಗೋ ಮುಗಿಸ್ಕೊ." ಯಾರ ಮಾತು ಕೇಳಬೇಕು? ಇದನ್ನು ನಾವು ಇವತ್ತು ಓದಿ ತಿಳಿಯೋಣ.

ಕೆಲಸ ಹೇಗೆ ನಡೆಯುತ್ತದೆ?

ಡಾಕ್ಟರನ್ನು ಬದಲಾಯಿಸುವ ಮೊದಲು ನಮ್ಮ ಕೆಲಸ ಎಲ್ಲಿಗೆ ಬಂದಿದೆ ಎಂದು ತಿಳಿದಿರಬೇಕು. ಪೂರ್ತಿ ಹಲ್ಲಿನ ಸೆಟ್ಟಿನ ವಿಷಯ ಮೊದಲು ನೋಡೋಣ.

ಹಾಳಾದ ಹಲ್ಲುಗಳನ್ನು ಮೊದಲು ಕೀಳುತ್ತಾರೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂದು ಕೆಲವರು ಹೆದರುತ್ತಾರೆ. ಅದು ಸುಳ್ಳು. ಹಲ್ಲಿನ ನರಕ್ಕೂ ಕಣ್ಣಿನ ನೋಟಕ್ಕೂ ಸಂಬಂಧ ಇಲ್ಲ. ಕಿತ್ತ ಮೇಲೆ ಒಸಡು ಮಾಯಬೇಕು. ಸಾಮಾನ್ಯವಾಗಿ ಎರಡು ಮೂರು ತಿಂಗಳು ಕಾಯಿರಿ ಎನ್ನುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಮಾಯುವುದು ನಿಧಾನ.

ಯಾಕೆ ಕಾಯಬೇಕು? ಹಲ್ಲು ಹೋದ ಜಾಗದ ಮೂಳೆ ಮೊದಲ ತಿಂಗಳುಗಳಲ್ಲಿ ಬೇಗ ಕರಗುತ್ತದೆ. ಒಸಡಿನ ದಿಣ್ಣೆ ತಗ್ಗುತ್ತದೆ. ಅಷ್ಟರೊಳಗೆ ಅಳತೆ ತೆಗೆದು ಸೆಟ್ಟು ಮಾಡಿದರೆ ಕೆಲವು ತಿಂಗಳಿಗೇ ಸಡಿಲವಾಗುತ್ತದೆ. "ಮಗಳ ಮದುವೆ ಇದೆ, ಬೇಗ ಕಟ್ಟಿಕೊಡಿ" ಎಂದು ನಾವೇ ಅವಸರ ಮಾಡುತ್ತೇವೆ. ಆಮೇಲೆ ಸೆಟ್ಟು ಜಾರಿದರೆ ಡಾಕ್ಟರನ್ನು ಬೈಯುತ್ತೇವೆ. ಇಂಥ ಸೆಟ್ಟಿಗೆ ಒಳಗಡೆ ಹೊಸ ಪದರ ಹಾಕಿಸಬಹುದು. ಹೊಸ ಡಾಕ್ಟರೇ ಬೇಕೆಂದೇನೂ ಇಲ್ಲ.

ಒಸಡು ಮಾಯ್ದ ಮೇಲೆ ಅಳತೆ. ಬಾಯಿಯ ಆಕಾರದ ಒಂದು ಚಿಕ್ಕ ತಟ್ಟೆಯಲ್ಲಿ ಕಲಸಿದ ಹಿಟ್ಟಿನಂಥ ಪದಾರ್ಥ ಇಟ್ಟು ಒಸಡಿಗೆ ಒತ್ತುತ್ತಾರೆ. ಅದರಿಂದ ಅಚ್ಚು ಮಾಡುತ್ತಾರೆ. ಇನ್ನೊಂದು ಸಲ ಕರೆದು ಇನ್ನೂ ಸರಿಯಾದ ಅಳತೆ ತೆಗೆಯುತ್ತಾರೆ. ಮತ್ತೊಂದು ಸಲ ಮೇಣದ ಪಟ್ಟಿ ಇಟ್ಟು ಕಚ್ಚಿಸುತ್ತಾರೆ. ಮೇಲಿನ ದವಡೆ, ಕೆಳಗಿನ ದವಡೆ ಹೇಗೆ ಕೂಡುತ್ತವೆ ಎಂದು ನೋಡುವುದಕ್ಕೆ.

ಮುಂದಿನ ಸಲ ಮೇಣದ ಮೇಲೆ ಹಲ್ಲು ಜೋಡಿಸಿ ಬಾಯಲ್ಲಿಟ್ಟು ತೋರಿಸುತ್ತಾರೆ. ಅಕ್ಕಂದಿರೇ, ಈ ದಿನ ಬಹಳ ಮುಖ್ಯ. ಹಲ್ಲು ಇನ್ನೂ ಮೇಣದಲ್ಲಿದೆ. ಅತ್ತಿತ್ತ ಸರಿಸಬಹುದು. ಹಲ್ಲು ಮುಂದೆ ಬಂದಿದೆಯೇ? ತುಟಿ ಮುಚ್ಚುತ್ತದೆಯೇ? ಎರಡೂ ಕಡೆ ಒಟ್ಟಿಗೆ ಕಚ್ಚುತ್ತದೆಯೇ? ಕನ್ನಡಿ ಕೇಳಿ. ನಗಿ. ಮಾತಾಡಿ. ಮಗಳನ್ನೋ ಸೊಸೆಯನ್ನೋ ಜೊತೆಗೆ ಕರೆದುಕೊಂಡು ಹೋಗಿ, ನೋಡಿ ಹೇಳು ಎನ್ನಿ. ಸೆಟ್ಟು ಗಟ್ಟಿಯಾದ ಮೇಲೆ ಇವನ್ನೆಲ್ಲ ತಿದ್ದುವುದು ಕಷ್ಟ. ಈ ದಿನ ನಾಚಿಕೊಂಡು "ಸರಿ ಇದೆ ಸಾರ್" ಎಂದು ಬರುವವರೇ ಹೆಚ್ಚು. ಮನೆಗೆ ಬಂದು ಅಳುವವರೂ ಅವರೇ.

ಆಮೇಲಿನ ಸಲ ಸೆಟ್ಟು ಕೊಡುತ್ತಾರೆ. ಒಟ್ಟು ಐದು ಸಲವಾದರೂ ಹೋಗಬೇಕು. ಅಲ್ಲಿಗೂ ಮುಗಿಯುವುದಿಲ್ಲ. ಒತ್ತಿದ ಜಾಗ ತಿದ್ದಿಸಲು ಇನ್ನೂ ಎರಡು ಮೂರು ಸಲ ಹೋಗಬೇಕು. ಹೊಸ ಚಪ್ಪಲಿ ಕಚ್ಚುವ ಹಾಗೆ ಹೊಸ ಸೆಟ್ಟೂ ಕಚ್ಚುತ್ತದೆ.

ನಮ್ಮ ಕೇಂದ್ರದಲ್ಲಿ ಆದ ಚರ್ಚೆ

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ದೊಡ್ಡಮ್ಮ ಸಂಘದ ಸಾಲದಲ್ಲಿ ಹಲ್ಲು ಕಟ್ಟಿಸಿದರು. ಸೆಟ್ಟು ಬಂತು. ಮೂರನೇ ದಿನಕ್ಕೆ ಕೆಳಗಡೆ ಎಡಭಾಗದಲ್ಲಿ ಹುಣ್ಣು ಆಯಿತು. ಎರಡು ಸಲ ಹೋಗಿ ತೋರಿಸಿದರು. ಎರಡು ಸಲವೂ "ಅಭ್ಯಾಸ ಆಗುತ್ತೆ ಹೋಗಮ್ಮ" ಎಂಬ ಮಾತು. ದೊಡ್ಡಮ್ಮ ಸೆಟ್ಟನ್ನು ಡಬ್ಬಿಯಲ್ಲಿ ಹಾಕಿ ಅಡ್ಡೆಯ ಮೇಲೆ ಇಟ್ಟರು. ಸಾಲದ ಕಂತು ಮಾತ್ರ ವಾರ ವಾರ ಕಟ್ಟುತ್ತಿದ್ದರು.

ಒಂದು ಸಂಜೆ ಓದು ಮುಗಿದ ಮೇಲೆ ಈ ಮಾತು ಬಂತು. ಒಬ್ಬಾಕೆ ಹೇಳಿದರು, "ನಮ್ಮತ್ತಿಗೆ ಹೋಗೋ ಡಾಕ್ಟ್ರ ಹತ್ರ ಹೋಗಿ ದೊಡ್ಡಮ್ಮ. ಬಾಳ ಒಳ್ಳೇರು." ಇನ್ನೊಬ್ಬಾಕೆ ಕೇಳಿದರು, "ಅವರೇನು ಇದೇ ಸೆಟ್ಟನ್ನ ಸರಿ ಮಾಡಿಕೊಡ್ತಾರಾ? ಮತ್ತೆ ದುಡ್ಡು ಕೇಳಲ್ವಾ?" ಈ ಪ್ರಶ್ನೆ ಸರಿಯಾದದ್ದು. ಒಬ್ಬರು ಮಾಡಿದ ಸೆಟ್ಟನ್ನು ಇನ್ನೊಬ್ಬ ಡಾಕ್ಟರು ಸ್ವಲ್ಪ ಉಜ್ಜಿ ಕೊಡಬಹುದು. ಅಳತೆಯೇ ಸರಿ ಇಲ್ಲದಿದ್ದರೆ ಮೊದಲಿನಿಂದ ಶುರು ಮಾಡುತ್ತಾರೆ. ಹಳೆಯ ಅಚ್ಚನ್ನು ನಂಬಿ ಮುಂದಿನ ಕೆಲಸ ಮಾಡಲು ಹೆಚ್ಚಿನವರು ಒಪ್ಪುವುದಿಲ್ಲ. ಒಬ್ಬರು ಕತ್ತರಿಸಿದ ರವಿಕೆಯನ್ನು ಇನ್ನೊಬ್ಬ ದರ್ಜಿ ಹೊಲಿಯಲು ಒಪ್ಪುತ್ತಾನೆಯೇ? ಹಾಗೆಯೇ ಇದು. ಮತ್ತೆ ಐದು ಸಲ ತಿರುಗಬೇಕು. ಮತ್ತೆ ಹಣ ಕಟ್ಟಬೇಕು.

ನಾವು ದೊಡ್ಡಮ್ಮನನ್ನು ಕೇಳಿದೆವು, "ತೋರಿಸೋಕೆ ಹೋದಾಗ ಸೆಟ್ಟು ಬಾಯಲ್ಲಿ ಇತ್ತಾ?"

"ಇಲ್ಲವ್ವ. ನೋವು ಅಂತ ತೆಗೆದು ನಾಕು ದಿನ ಆಗಿತ್ತು. ಚೀಲದಾಗೆ ಇಟ್ಕೊಂಡು ಹೋಗಿದ್ದೆ."

ಇಲ್ಲೇ ಇತ್ತು ಗಂಟು. ನಾಲ್ಕು ದಿನ ಸೆಟ್ಟು ತೆಗೆದಿಟ್ಟರೆ ಹುಣ್ಣು ಮಾಯುತ್ತದೆ. ಎಲ್ಲಿ ಒತ್ತುತ್ತಿದೆ ಎಂದು ಡಾಕ್ಟರಿಗೆ ಕಾಣುವುದಿಲ್ಲ. ತೋರಿಸಲು ಹೋಗುವ ಹಿಂದಿನ ದಿನ ಸೆಟ್ಟು ಹಾಕಿಕೊಂಡೇ ಇರಬೇಕು. ಆಗ ಒಸಡಿನ ಮೇಲೆ ಕೆಂಪು ಗುರುತು ಇರುತ್ತದೆ. ಆ ಗುರುತಿಗೆ ಸರಿಯಾಗಿ ಸೆಟ್ಟಿನಲ್ಲಿ ಉಜ್ಜುತ್ತಾರೆ. ಇದನ್ನು ಆ ಡಾಕ್ಟರು ಮೊದಲೇ ಹೇಳಬೇಕಿತ್ತು. ಅವರು ಹೇಳದಿದ್ದರೆ ನಾವು ಕೇಳಬೇಕಿತ್ತು ಎನ್ನುವುದು ಸುಲಭ. ಆದರೆ ಇಂಥದೊಂದು ಇದೆ ಎಂದೇ ಗೊತ್ತಿಲ್ಲದವರು ಏನೆಂದು ಕೇಳುತ್ತಾರೆ? ತಪ್ಪು ದೊಡ್ಡಮ್ಮನದಲ್ಲ ಎಂದು ನಾವೆಲ್ಲ ಹೇಳಿದೆವು.

ದೊಡ್ಡಮ್ಮ ತಮ್ಮ ನೋಟುಬುಕ್ಕಿನಲ್ಲಿ ಮೂರು ಸಾಲು ಬರೆದುಕೊಂಡರು. "ಎಲ್ಲಿ ಒತ್ತುತ್ತಿದೆ ನೋಡಿ. ಇದು ತಿದ್ದಿದರೆ ಸರಿ ಹೋಗುತ್ತದೆಯೆ, ಹೊಸದು ಬೇಕೆ? ತಿದ್ದಲು ಇನ್ನೂ ಹಣ ಕೊಡಬೇಕೆ?" ಒಂದು ದಿನ ಸೆಟ್ಟು ಹಾಕಿಕೊಂಡಿದ್ದು, ಅದೇ ಡಾಕ್ಟರ ಹತ್ತಿರ ಹೋದರು. ಚೀಟಿ ನೋಡಿ ಓದಿದರು. ಡಾಕ್ಟರು ಸೆಟ್ಟಿನ ಒಳಗೆ ಬಿಳಿ ಮುಲಾಮಿನಂಥದ್ದು ಹಚ್ಚಿ ಬಾಯಲ್ಲಿಟ್ಟು ತೆಗೆದರು. ಒತ್ತುವ ಜಾಗದಲ್ಲಿ ಮುಲಾಮು ಅಳಿಸಿತ್ತು. ಅಲ್ಲಿ ಉಜ್ಜಿಕೊಟ್ಟರು. ಹಣ ಕೇಳಲಿಲ್ಲ. ಇನ್ನೊಂದು ಸಲ ಹೋಗಿ ಬಂದ ಮೇಲೆ ಹುಣ್ಣು ಆಗಲಿಲ್ಲ.

ಕೆಳಗಿನ ಸೆಟ್ಟು ಈಗಲೂ ಸ್ವಲ್ಪ ಅಲ್ಲಾಡುತ್ತದೆ. ಅದು ಎಲ್ಲರಿಗೂ ಇದ್ದದ್ದೇ. ಮೇಲಿನ ಸೆಟ್ಟು ಅಂಗುಳಕ್ಕೆ ಅಂಟಿ ಕೂರುತ್ತದೆ. ಕೆಳಗೆ ಜಾಗ ಕಡಿಮೆ, ನಡುವೆ ನಾಲಿಗೆ ಆಡುತ್ತಿರುತ್ತದೆ. ಮೊದಮೊದಲು ಬಾಯಲ್ಲಿ ನೀರು ಬರುತ್ತದೆ. 'ಸ', 'ಶ' ಅಕ್ಷರ ಜಾರುತ್ತವೆ. ಅಗಿಯುವುದು ಅಭ್ಯಾಸವಾಗಲು ಒಂದೂವರೆ ಎರಡು ತಿಂಗಳು ಬೇಕು. ಗಟ್ಟಿಯಾಗಿ ಪುಸ್ತಕ ಓದಿದರೆ ನಾಲಿಗೆ ಬೇಗ ಪಳಗುತ್ತದೆ. ನಮ್ಮ ದೊಡ್ಡಮ್ಮ ಹಾಗೇ ಮಾಡಿದರು. ಇಷ್ಟಕ್ಕೆಲ್ಲ ಡಾಕ್ಟರನ್ನು ಬಿಡಬೇಕಾಗಿಲ್ಲ. ಮನೆಯಲ್ಲಿ ಬ್ಲೇಡಿನಿಂದ, ಉಪ್ಪು ಕಾಗದದಿಂದ ಸೆಟ್ಟನ್ನು ಉಜ್ಜಲೇಬೇಡಿ. ಹಾಗೆ ಹಾಳಾದದ್ದನ್ನು ಯಾವ ಡಾಕ್ಟರೂ ಸರಿ ಮಾಡಲಾರರು. ರಾತ್ರಿ ತೆಗೆದು ತಣ್ಣೀರಲ್ಲಿ ಇಡಿ. ಬಿಸಿನೀರು ಬೇಡ, ಸೊಟ್ಟಗಾಗುತ್ತದೆ.

ಒಂದು ಎಚ್ಚರಿಕೆ. ಎಲೆ ಅಡಿಕೆ, ಹೊಗೆಸೊಪ್ಪು ಹಾಕುವವರ ಬಾಯಲ್ಲಿ ಹುಣ್ಣಾಗಿ ಎರಡು ವಾರವಾದರೂ ಮಾಯದಿದ್ದರೆ ಸೆಟ್ಟಿನ ಹುಣ್ಣೆಂದು ಸುಮ್ಮನಿರಬೇಡಿ. ಹಾಕದವರೂ ಸುಮ್ಮನಿರಬಾರದು. ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ. ಅದು ಕ್ಯಾನ್ಸರ್ ಇರಬಹುದು. ಬೇಗ ಕಂಡರೆ ವಾಸಿಯಾಗುತ್ತದೆ.

ಯಾವಾಗ ಬಿಡಲೇಬೇಕು?

ಹಾಗಾದರೆ ಬದಲಾಯಿಸಲೇಬಾರದೆ? ಹಾಗಲ್ಲ. ಹುಣ್ಣು ಕಾಣುತ್ತಿದ್ದರೂ ಬಾಯಿ ತೆರೆಸಿ ನೋಡದ ಡಾಕ್ಟರನ್ನು ಬಿಡಬೇಕು. ಪ್ರತಿ ಸಲವೂ ಹೊಸ ದರ ಹೇಳುವವರನ್ನು, ಕೊಟ್ಟ ಹಣಕ್ಕೆ ರಸೀತಿ ಕೊಡದವರನ್ನು, ಒಬ್ಬರ ಬಾಯಿಗೆ ಹಾಕಿದ ಸಾಮಾನನ್ನು ಹಾಗೇ ಇನ್ನೊಬ್ಬರ ಬಾಯಿಗೆ ಹಾಕುವವರನ್ನು ಬಿಡಬೇಕು.

ಡಾಕ್ಟರೇ ಅಲ್ಲದವರಂತೂ ಬೇಡವೇ ಬೇಡ. ಸಂತೆಯಲ್ಲಿ, ಬಸ್ ಸ್ಟಾಂಡಿನ ಹತ್ತಿರ ಒಂದೇ ಗಂಟೆಯಲ್ಲಿ ಹಲ್ಲು ಕಟ್ಟಿಕೊಡುವವರಿದ್ದಾರೆ. ಒಳ್ಳೆಯ ಹಲ್ಲಿಗೆ ತಂತಿ ಸುತ್ತಿ, ಮೇಲೆ ಗುಲಾಬಿ ಬಣ್ಣದ ಪುಡಿ ಕಲಸಿ ಮೆತ್ತುತ್ತಾರೆ. ಅದು ಅಲ್ಲೇ ಗಟ್ಟಿಯಾಗುತ್ತದೆ. ತೆಗೆಯಲು ಬರುವುದಿಲ್ಲ, ತೊಳೆಯಲು ಬರುವುದಿಲ್ಲ. ಅಡಿಯಲ್ಲಿ ಅನ್ನ ಕೊಳೆಯುತ್ತದೆ. ಒಸಡು ಕೀವು ಕಟ್ಟುತ್ತದೆ. ಒಂದು ಹಲ್ಲು ಕಟ್ಟಿಸಲು ಹೋಗಿ ಪಕ್ಕದ ಎರಡು ಹಲ್ಲು ಕಳೆದುಕೊಳ್ಳುತ್ತೇವೆ. ಇಂಥ ಹಲ್ಲು ನಿಮ್ಮ ಬಾಯಲ್ಲಿದ್ದರೆ ನೋವು ಬರುವವರೆಗೆ ಕಾಯಬೇಡಿ. ಓದಿದ ದಂತ ವೈದ್ಯರಲ್ಲಿ ತೆಗೆಸಿ.

ನಮ್ಮ ದೇಶದಲ್ಲಿ ದಂತ ವೈದ್ಯರ ಕಾಯಿದೆ 1948ರಲ್ಲೇ ಬಂತು. ಹಲ್ಲಿನ ಡಾಕ್ಟರು ಬಿ.ಡಿ.ಎಸ್. ಓದಿರಬೇಕು, ನೋಂದಣಿ ಆಗಿರಬೇಕು. ಹಲ್ಲು ಕಟ್ಟುವುದರಲ್ಲೇ ಎಂ.ಡಿ.ಎಸ್. ಓದಿದವರೂ ಇದ್ದಾರೆ. ಕರ್ನಾಟಕದಲ್ಲಿ 2007ರ ಕಾಯಿದೆಯ ಪ್ರಕಾರ ಖಾಸಗಿ ಆಸ್ಪತ್ರೆಗಳೂ ನೋಂದಣಿ ಮಾಡಿಸಬೇಕು. ಬಾಗಿಲ ಬೋರ್ಡು ಓದಿ. ಗೋಡೆಯ ಮೇಲಿನ ಸರ್ಟಿಫಿಕೇಟು ಓದಿ. ನಾವು ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ಓದುವುದಕ್ಕೆ ಮಾತ್ರ ಅಲ್ಲ.

ಅರ್ಧಕ್ಕೆ ಬಿಡಬಾರದ ಕೆಲಸಗಳು

ತೆಗೆದು ಹಾಕುವ ಸೆಟ್ಟನ್ನು ನಡುವೆ ನಿಲ್ಲಿಸಿದರೆ ಹಣ ಹೋಗುತ್ತದೆ, ಬಾಯಿಗೆ ದೊಡ್ಡ ಕೆಡುಕಿಲ್ಲ. ಕೀಳಿಸಿ ಮಾಯಲು ಕಾಯುತ್ತಿರುವಾಗ ಬದಲಾಯಿಸುವುದು ಎಲ್ಲಕ್ಕಿಂತ ಸುಲಭ. ಆದರೆ ಬಾಯಲ್ಲೇ ಕೂರುವ ಹಲ್ಲಿನ ಲೆಕ್ಕ ಬೇರೆ.

ಒಂದೆರಡು ಹಲ್ಲು ಹೋದಾಗ ಸೇತುವೆಯ ಹಾಗೆ ಹಲ್ಲು ಕಟ್ಟುತ್ತಾರೆ. ಅದಕ್ಕೆ ಬ್ರಿಡ್ಜು ಎನ್ನುತ್ತಾರೆ. ಎರಡು ಪಕ್ಕದ ಒಳ್ಳೆಯ ಹಲ್ಲುಗಳನ್ನು ಉಜ್ಜಿ ಸಣ್ಣದು ಮಾಡಿ ಮೇಲೆ ಟೋಪಿ ಕೂರಿಸುತ್ತಾರೆ. ಉಜ್ಜಿದ ಮೇಲೆ ಕೋಪ ಮಾಡಿಕೊಂಡು ಹೋಗದೆ ಉಳಿದರೆ ಆ ಹಲ್ಲುಗಳು ಜುಮ್ಮೆನ್ನುತ್ತವೆ, ಹುಳುಕಾಗುತ್ತವೆ, ಜಾಗ ಬಿಟ್ಟು ಸರಿಯುತ್ತವೆ. ಆಮೇಲೆ ಮೊದಲಿನ ಅಳತೆಯ ಬ್ರಿಡ್ಜು ಕೂರುವುದಿಲ್ಲ. ಬಿಡಲೇಬೇಕಾದರೆ ತಾತ್ಕಾಲಿಕ ಟೋಪಿಯನ್ನಾದರೂ ಹಾಕಿಸಿಕೊಂಡು ಹೊರಡಿ. ಹೊಸ ಡಾಕ್ಟರನ್ನು ಮೊದಲು ಗೊತ್ತು ಮಾಡಿಕೊಂಡು ಆಮೇಲೆ ಹಳೆಯವರನ್ನು ಬಿಡಿ.

ಈಗ ಮೂಳೆಗೇ ಸ್ಕ್ರೂ ಹಾಕಿ ಹಲ್ಲು ಕಟ್ಟುವುದೂ ಬಂದಿದೆ. ಇಂಪ್ಲಾಂಟ್ ಎನ್ನುತ್ತಾರೆ. ಬಹಳ ದುಬಾರಿ. ಸ್ಕ್ರೂ ಹಾಕಿ ಮೂರರಿಂದ ಆರು ತಿಂಗಳು ಕಾದು ಮೇಲೆ ಹಲ್ಲು ಕೂರಿಸುವುದು ವಾಡಿಕೆ. ಒಂದೊಂದು ಕಂಪನಿಯ ಸ್ಕ್ರೂಗೆ ಒಂದೊಂದು ಬಗೆಯ ಸಾಮಾನು. ಯಾವ ಕಂಪನಿ, ಯಾವ ಅಳತೆ ಎಂದು ಗೊತ್ತಿಲ್ಲದಿದ್ದರೆ ಹೊಸ ಡಾಕ್ಟರು ಕೈ ಹಾಕಲು ಹಿಂಜರಿಯುತ್ತಾರೆ. ಸ್ಕ್ರೂ ಹಾಕಿದ ದಿನವೇ ಇದನ್ನು ಚೀಟಿಯಲ್ಲಿ ಬರೆಸಿಕೊಂಡು ರೇಷನ್ ಕಾರ್ಡಿನ ಜೊತೆ ಇಡಿ.

ಕೇಳುವ ಹಕ್ಕು

ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುವುದು ದ್ರೋಹವಲ್ಲ. ರೋಗಿಗಳ ಹಕ್ಕುಗಳ ಪಟ್ಟಿಯೊಂದನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿತು. ಎರಡನೇ ಅಭಿಪ್ರಾಯ ಕೇಳುವುದು, ನಮ್ಮ ಚಿಕಿತ್ಸೆಯ ಕಾಗದಗಳನ್ನು ಪಡೆಯುವುದು ಎರಡೂ ಅದರಲ್ಲಿವೆ. ಅಭಿಪ್ರಾಯ ಕೇಳುವುದು ಬೇರೆ, ಬದಲಾಯಿಸುವುದು ಬೇರೆ. ಎರಡನೇ ಡಾಕ್ಟರಿಗೆ ತೋರಿಸುವಾಗ ಮೊದಲಿನವರನ್ನು ಬೈಯಬೇಡಿ. "ಇದು ತಿದ್ದಿದರೆ ಸಾಕಾ, ಹೊಸದೇ ಬೇಕಾ?" ಎಂದು ಮಾತ್ರ ಕೇಳಿ. ಇಬ್ಬರೂ ಒಂದೇ ಮಾತು ಹೇಳಿದರೆ ಮೊದಲಿನವರಲ್ಲೇ ಮುಗಿಸಿ ಎಂಬುದು ನಮ್ಮ ಸಲಹೆ. ಎರಡನೆಯವರು ಬೇರೆ ಹೇಳಿದರೆ ಯಾಕೆ ಎಂದು ಕೇಳಿ. ಕನ್ನಡಿಯಲ್ಲಿ, ಎಕ್ಸ್-ರೇಯಲ್ಲಿ ತೋರಿಸಲಿ.

ಹಣ ಸಾಲದವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಬಿ.ಪಿ.ಎಲ್. ಕಾರ್ಡಿನ ವಯಸ್ಸಾದವರಿಗೆ 'ದಂತ ಭಾಗ್ಯ' ಯೋಜನೆಯಲ್ಲಿ ಸರ್ಕಾರ ಉಚಿತವಾಗಿ ಹಲ್ಲಿನ ಸೆಟ್ಟು ಕಟ್ಟಿಸಿಕೊಟ್ಟಿದೆ. ನಿಮ್ಮ ವಯಸ್ಸಿಗೆ ಸಿಗುತ್ತದೆಯೇ, ಯಾವ ಕಾಗದ ಬೇಕು ಎಂದು ಅಲ್ಲಿಯೇ ಕೇಳಿ. ಬೆಂಗಳೂರಿನಲ್ಲಿ ಸರ್ಕಾರಿ ದಂತ ಕಾಲೇಜಿದೆ. ಬೇರೆ ಊರುಗಳ ದಂತ ಕಾಲೇಜುಗಳಲ್ಲೂ ಖರ್ಚು ಕಡಿಮೆ. ಅಲ್ಲಿ ಕಲಿಯುವವರು ಕೆಲಸ ಮಾಡುತ್ತಾರೆ, ಮೇಷ್ಟ್ರು ಬಂದು ನೋಡುತ್ತಾರೆ. ನಿಧಾನ. ಆದರೆ ಡಾಕ್ಟರು ಬದಲಾದರೂ ನಿಮ್ಮ ಹಾಳೆ ಅಲ್ಲೇ ಇರುತ್ತದೆ.

ದುಡ್ಡು ತೆಗೆದುಕೊಂಡು ಕೆಲಸ ಕೆಡಿಸಿದರೆ, ಮಾತಾಡಿದರೂ ಕೇಳದಿದ್ದರೆ, ಜಿಲ್ಲೆಯ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ನೀವು ಕಟ್ಟಿದ ಹಣ 5 ಲಕ್ಷ ರೂಪಾಯಿ ದಾಟದಿದ್ದರೆ ದೂರಿಗೆ ಶುಲ್ಕ ಇಲ್ಲ. ಆದರೆ ರಸೀತಿ ಬೇಕು. ಕೊಟ್ಟ ದಿನ, ಕೊಟ್ಟ ಹಣ, ಮಾಡಿದ ಕೆಲಸ, ಮೂರನ್ನೂ ನೋಟುಬುಕ್ಕಿನಲ್ಲಿ ಬರೆಯುತ್ತಾ ಬನ್ನಿ.

ಬರೆಯೋಣ

ಡಾಕ್ಟರನ್ನು ಬದಲಾಯಿಸಲು ತೀರ್ಮಾನ ಮಾಡಿದರೆ ಕಾಗದಗಳನ್ನು ಕೇಳಿ ಪಡೆಯಬೇಕು. ಬಾಯಲ್ಲಿ ಕೇಳಿದರೆ "ನಾಳೆ ಬಾ" ಎನ್ನಬಹುದು. ಬರೆದು ಕೊಡಿ. ಕೆಳಗಿನ ಪತ್ರವನ್ನು ಗಟ್ಟಿಯಾಗಿ ಓದಿ. ಬಿಟ್ಟ ಜಾಗ ತುಂಬಿ ನಿಮ್ಮ ನೋಟುಬುಕ್ಕಿನಲ್ಲಿ ಬರೆಯಿರಿ. ಕೊನೆಯಲ್ಲಿ ಹೆಬ್ಬೆಟ್ಟು ಬೇಡ, ರುಜು ಹಾಕಿ.

ದಂತ ವೈದ್ಯರಿಗೆ,

ಮಾನ್ಯರೇ,

ನಾನು ............ ಊರಿನ ............ . ನಿಮ್ಮಲ್ಲಿ ............ ತಾರೀಕಿನಿಂದ ಹಲ್ಲು ಕಟ್ಟಿಸುತ್ತಿದ್ದೇನೆ. ಇದುವರೆಗೆ ............ ರೂಪಾಯಿ ಕಟ್ಟಿದ್ದೇನೆ. ಮುಂದಿನ ಚಿಕಿತ್ಸೆಯನ್ನು ಬೇರೆ ಕಡೆ ಮಾಡಿಸಲು ತೀರ್ಮಾನಿಸಿದ್ದೇನೆ. ನನ್ನ ಎಕ್ಸ್-ರೇ, ಇದುವರೆಗೆ ಮಾಡಿದ ಕೆಲಸದ ವಿವರ, ಕಟ್ಟಿದ ಹಣದ ರಸೀತಿ ಇವನ್ನು ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಮಾಡದೆ ಉಳಿದ ಕೆಲಸಕ್ಕೆ ಕಟ್ಟಿದ ಹಣವಿದ್ದರೆ ಲೆಕ್ಕ ಮಾಡಿ ಹಿಂದಿರುಗಿಸಬೇಕು.

ತಾರೀಕು: ............

ಇಂತಿ,
ರುಜು: ............